ಶಿರಸಿ ಸೀಮೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಪಟ್ಟಣ. ಪಶ್ಚಿಮಕ್ಕೆ ಹೊರಟರೆ ದೇವಿಮನೆ ಘಟ್ಟ ಇಳಿದು ಕುಮಟಾ ಕಡಲು ಸೇರಬಹುದು, ಪೂರ್ವಕ್ಕೆ ಹೊರಟರೆ ಕಾಡು ತೆಳುವಾಗುತ್ತ ಹಾವೇರಿಯ ಬಯಲು ಎದುರಾಗುತ್ತದೆ. ಇಲ್ಲಿಗೆ ಬರುವವರು ಕೇಳುವ ಪ್ರಶ್ನೆಗಳಿಗೆ ಈ ಊರಿನಲ್ಲಿ ಬಾಳುವವರ ಕಡೆಯಿಂದ ಕೊಡಬಹುದಾದ ಉತ್ತರಗಳನ್ನು ಕೆಳಗೆ ಬರೆದಿದೆ.

ಶಿರಸಿ ನೋಡಲು ಎಷ್ಟು ದಿನ ಬೇಕು?

ಕನಿಷ್ಠ ಮೂರು ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಬನವಾಸಿ, ಮಧ್ಯಾಹ್ನ ಸಹಸ್ರಲಿಂಗ, ಸಂಜೆ ಯಾಣ ಎಂದು ಒಂದೇ ದಿನದಲ್ಲಿ ಸುತ್ತಿ ಹೋಗುವವರು ಹೆಚ್ಚಿನ ಹೊತ್ತು ನೋಡುವುದು ಕಾರಿನ ಕಿಟಕಿಯನ್ನೇ. ದಿನಕ್ಕೊಂದು ಹೊಳೆಯನ್ನು ಹಿಡಿದು ತಿರುಗಿ ಎಂಬುದು ನಮ್ಮ ಸಲಹೆ, ಅದಕ್ಕೆ ಕಾರಣವೂ ಇದೆ. ಈ ಸೀಮೆಯ ಹೆಸರಾಂತ ಸ್ಥಳಗಳಲ್ಲಿ ಹೆಚ್ಚಿನವು ಮೂರು ಹೊಳೆಗಳಿಗೆ ಸೇರಿದವು. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಒಂದು ಮೂಲವಿರುವ ಅಘನಾಶಿನಿಯು ಉಂಚಳ್ಳಿಯಲ್ಲಿ ಧುಮುಕಿ, ಯಾಣದ ಕಡೆಯಿಂದ ಬರುವ ಚಂಡಿಕಾ ಹೊಳೆಯನ್ನು ಕೂಡಿಸಿಕೊಂಡು ಕುಮಟಾದ ಬಳಿ ಸಮುದ್ರ ಸೇರುತ್ತದೆ. ಸಹಸ್ರಲಿಂಗ, ಸೋಂದಾ ಮತ್ತು ಶಿವಗಂಗಾ ಜಲಪಾತದ ದಿಕ್ಕಿನಲ್ಲಿ ಹರಿಯುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಲ್ಲಿ ಅದೇ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಬನವಾಸಿಯನ್ನು ಬಳಸಿ ಹರಿಯುವ ವರದೆ ಮಾತ್ರ ಪೂರ್ವಕ್ಕೆ ಮುಖ ಮಾಡಿ ತುಂಗಭದ್ರೆಯನ್ನು ಸೇರುತ್ತದೆ. ಒಂದೇ ತಾಲೂಕಿನ ಮಳೆನೀರು ಎರಡು ಸಮುದ್ರಗಳಿಗೆ ಹಂಚಿಹೋಗುವುದನ್ನು ಮನಸ್ಸಿನಲ್ಲಿಟ್ಟುಕೊಂಡು ತಿರುಗಿದರೆ ಕಾಡು, ತೋಟ, ಗುಡಿ, ಕೋಟೆಗಳು ಅಲ್ಲಲ್ಲೇ ಏಕೆ ಇವೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಯಾವ ತಿಂಗಳಲ್ಲಿ ಬರುವುದು ಒಳ್ಳೆಯದು?

ಏನು ನೋಡಬೇಕೆಂಬುದರ ಮೇಲೆ ಅದು ನಿಂತಿದೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಕಾಲ ಹೆಚ್ಚಿನವರಿಗೆ ಹೊಂದುತ್ತದೆ. ಆಗ ಮಳೆ ಹಿಂದೆ ಸರಿದಿದ್ದರೂ ಜಲಪಾತಗಳಲ್ಲಿ ನೀರಿರುತ್ತದೆ, ದಾರಿಗಳ ಜಾರು ಕಡಿಮೆಯಾಗಿರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಆಲೆಮನೆಗಳೂ ಅಡಿಕೆ ಅಂಗಳಗಳೂ ತುಂಬಿರುತ್ತವೆ, ಶಾಲ್ಮಲೆಯ ಲಿಂಗಗಳು ನೀರಿನಿಂದ ಮೇಲೆದ್ದು ಕಾಣುತ್ತವೆ, ಆದರೆ ಅಬ್ಬಿಗಳು ಸೊರಗಿರುತ್ತವೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬಂದವರಿಗೆ ಹಲಸು, ಮಾವು, ಮುರುಗಲು (ಕೋಕಂ) ಸಿಗುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಚೆಲುವಿಗೆ ಸಾಟಿಯಿಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಇಲ್ಲಿ ವರ್ಷಕ್ಕೆ 2000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ, ಘಟ್ಟದ ಅಂಚಿಗೆ ಹೋದಷ್ಟೂ ಅದು ಹೆಚ್ಚುತ್ತದೆ. ಮೂರ್ನಾಲ್ಕು ದಿನ ಬಿಡದೆ ಹೊಡೆಯುವ ಮಳೆಯಲ್ಲಿ ಉಳಿದುಕೊಂಡ ಮನೆಯ ಜಗುಲಿ ಬಿಟ್ಟು ಹೊರಗೆ ಕಾಲಿಡಲು ಆಗದಿರಬಹುದು. ಅಂಥ ದಿನವನ್ನೂ ಸಂತೋಷವಾಗಿ ಕಳೆಯಬಲ್ಲವರು ಮಾತ್ರ ಆಗ ಬರುವುದು ಒಳಿತು.

ತಲುಪುವುದು ಹೇಗೆ? ಘಟ್ಟದ ರಸ್ತೆಗಳು ಮಳೆಗಾಲದಲ್ಲಿ ಸುರಕ್ಷಿತವೇ?

ಶಿರಸಿಗೆ ರೈಲು ಇಲ್ಲ. ಬಯಲುಸೀಮೆಯಿಂದ ಬರುವವರಿಗೆ ಹಾವೇರಿ ಅಥವಾ ಹುಬ್ಬಳ್ಳಿ, ಮೈಸೂರು, ಶಿವಮೊಗ್ಗ ದಿಕ್ಕಿನವರಿಗೆ ಸಿದ್ದಾಪುರದ ಆಚೆಗಿನ ತಾಳಗುಪ್ಪ, ಕರಾವಳಿಯವರಿಗೆ ಕೊಂಕಣ ರೈಲ್ವೆಯ ಕುಮಟಾ ಹತ್ತಿರದ ನಿಲ್ದಾಣಗಳು. ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್ ದೂರವಿದ್ದು, ರಾತ್ರಿ ಬಸ್ಸುಗಳು ಬೇಕಾದಷ್ಟಿವೆ.

ಕರಾವಳಿಗೆ ಇಳಿಯುವವರು ಮಳೆಗಾಲದಲ್ಲಿ ರಸ್ತೆಯ ಸ್ಥಿತಿಯನ್ನು ಹೊರಡುವ ದಿನವೇ ವಿಚಾರಿಸಬೇಕು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ, ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಟ್ಟ, ಸಿದ್ದಾಪುರ–ಕುಮಟಾ ನಡುವಿನ ದೊಡ್ಮನೆ ಘಟ್ಟ ಇವುಗಳಲ್ಲಿ ಯಾವುದಾದರೂ ಒಂದು ಧರೆ ಕುಸಿತದಿಂದ ಮುಚ್ಚಿರುವುದು ಅಪರೂಪವಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ತೋಟ ಮನೆಗಳು ಹಾಳಾದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದವು. ಜಿಲ್ಲಾಡಳಿತ ರಸ್ತೆ ಮುಚ್ಚಿದಾಗ ಒಳದಾರಿ ಹುಡುಕಿಕೊಂಡು ಇಳಿಯುವ ಸಾಹಸ ಬೇಡ. ರಾತ್ರಿ ಹೊತ್ತು ದಟ್ಟ ಮಂಜಿನಲ್ಲಿ ಘಟ್ಟ ಇಳಿಯುವುದೂ ಬೇಡ.

ಸ್ವಂತ ವಾಹನ ಇಲ್ಲದೆ ತಿರುಗಬಹುದೇ?

ಬನವಾಸಿಗೆ, ಸೋಂದಾಕ್ಕೆ, ಸಿದ್ದಾಪುರಕ್ಕೆ ಸರ್ಕಾರಿ ಬಸ್ಸಿನಲ್ಲಿ ಸುಲಭವಾಗಿ ಹೋಗಿಬರಬಹುದು. ಯಾಣ, ಉಂಚಳ್ಳಿಗಳ ಕಡೆಗೆ ಬಸ್ಸುಗಳು ವಿರಳ. ಅಲ್ಲಿಗೆ ಗೊತ್ತಿರುವ ಚಾಲಕರ ಕಾರು ಮಾಡಿಕೊಂಡು ಹೋಗುವುದೇ ಮೇಲು.

ಯಾವ ಜಲಪಾತಕ್ಕೆ ಹೋಗಬೇಕು? ನೀರಿಗಿಳಿಯಬಹುದೇ?

ಒಂದನ್ನೇ ಆರಿಸಬೇಕೆಂದರೆ ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಬಳಿಯ ಉಂಚಳ್ಳಿ. ಅಘನಾಶಿನಿಯು ಇಲ್ಲಿ 116 ಮೀಟರ್ ಆಳಕ್ಕೆ ಬೀಳುತ್ತದೆ. ಬ್ರಿಟಿಷ್ ಕಲೆಕ್ಟರನೊಬ್ಬನ ನೆನಪಿಗೆ ಲಷಿಂಗ್ಟನ್ ಜಲಪಾತವೆಂಬ ಹೆಸರು ಕಾಗದದಲ್ಲಿ ಉಳಿದಿದ್ದರೂ, ಕಿವಿಗಡಚಿಕ್ಕುವ ಅದರ ಸದ್ದಿಗೆ ಸುತ್ತಲಿನವರು ಇಟ್ಟ ಹೆಸರು ಕೆಪ್ಪ ಜೋಗ. ಮೆಟ್ಟಿಲಿಳಿದು ವೀಕ್ಷಣಾ ಕಟ್ಟೆಗಳಿಗೆ ಹೋಗಿ, ಕಂಬಿಯ ಈಚೆ ನಿಂತು ನೋಡಬೇಕು. ಮಧ್ಯಾಹ್ನದ ಬಿಸಿಲು ಕಣಿವೆಯೊಳಗೆ ಬಿದ್ದಾಗ ನೀರಹುಡಿಯ ಮೇಲೆ ಕಾಮನಬಿಲ್ಲು ಮೂಡುವುದುಂಟು. ಮಂಜು ಕವಿದರೆ ಎದುರಿನ ಜಲಪಾತವೇ ಕಾಣದೆ ಸದ್ದು ಮಾತ್ರ ಕೇಳುತ್ತದೆ. ಸ್ವಲ್ಪ ಹೊತ್ತು ಕಾಯುವ ತಾಳ್ಮೆಯಿದ್ದವರಿಗೆ ಗಾಳಿ ಬೀಸಿ ತೆರೆ ಸರಿಯುತ್ತದೆ.

ಯಲ್ಲಾಪುರದ ಕಡೆಯ ಮಾಗೋಡಿನಲ್ಲಿ ಬೇಡ್ತಿ ಎರಡು ಹಂತಗಳಲ್ಲಿ ಜಿಗಿಯುತ್ತದೆ. ಅಲ್ಲಿಗೆ ಹೋದವರು ಸಮೀಪದ ಜೇನುಕಲ್ಲು ಗುಡ್ಡವನ್ನೂ ನೋಡಿಯೇ ಬರಬೇಕು. ಅದೇ ತಾಲೂಕಿನ ಸಾತೊಡ್ಡಿ ಎತ್ತರದ ಜಲಪಾತವಲ್ಲ, ಆದರೆ ಅಗಲವಾಗಿ ಹರಡಿ ಬೀಳುತ್ತದೆ. ಯಾಣದ ಹಾದಿಯ ವಿಭೂತಿ ಜಲಪಾತವೂ ಅಂಥದ್ದೇ, ಕುಟುಂಬದವರು ಹೋಗುವಂಥದ್ದು. ಬೆಣ್ಣೆಹೊಳೆ ಮತ್ತು ಬುರುಡೆ ಜಲಪಾತಗಳ ದಾರಿ ಕಡಿದಾಗಿದ್ದು, ಮಳೆಗಾಲದಲ್ಲಿ ಅತ್ತ ಹೋಗುವುದು ಸರ್ವಥಾ ಸಲ್ಲದು.

ಇನ್ನು ನೀರಿಗಿಳಿಯುವ ಮಾತು. ನಾವು ಬೇಡವೆನ್ನುವುದು ಯಾರ ಸಂತೋಷಕ್ಕೂ ಅಡ್ಡಿಯಾಗುವ ಉದ್ದೇಶದಿಂದಲ್ಲ. ಇಲ್ಲಿನ ಹೊಳೆಗಳ ಬಂಡೆಗಳ ಮೇಲೆ ಬೆಳೆಯುವ ಪಾಚಿ ಒಣಗಿದಂತೆ ಕಂಡರೂ ಕಾಲಿಟ್ಟ ಕ್ಷಣದಲ್ಲಿ ಜಾರುತ್ತದೆ. ಕೆಳಗಿನ ಗುಂಡಿಗಳ ಆಳ ಮೇಲಿನಿಂದ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಸುರಿದ ಮಳೆಯಿಂದ ನೀರು ಏಕಾಏಕಿ ಏರುತ್ತದೆ. ತಿಳಿಯಾಗಿದ್ದ ನೀರು ಕೆಂಪಗಾಗತೊಡಗಿದರೆ, ತರಗೆಲೆ, ಕಡ್ಡಿಗಳು ತೇಲಿಬರತೊಡಗಿದರೆ, ಚಪ್ಪಲಿ ಚೀಲಗಳನ್ನೂ ನೋಡದೆ ದಡ ಹತ್ತಬೇಕು. ಈ ಹೊಳೆಗಳಲ್ಲಿ ಪ್ರತಿವರ್ಷ ಎಳೆಯ ಜೀವಗಳು ಹೋಗುತ್ತಿವೆ. ಅವರನ್ನು ಹುಡುಕಲು ರಾತ್ರಿಯಿಡೀ ದೊಂದಿ ಹಿಡಿದು ಕಣಿವೆಗಿಳಿಯುವವರು ಪಕ್ಕದ ಹಳ್ಳಿಗಳ ರೈತರೇ.

ಯಾಣ ಹತ್ತುವುದು ಕಷ್ಟವೇ?

ಸೊಕ್ಕಿದ್ದವ ಯಾಣಕ್ಕೆ ಹೋಗುತ್ತಾನೆ, ರೊಕ್ಕವಿದ್ದವ ಗೋಕರ್ಣಕ್ಕೆ ಹೋಗುತ್ತಾನೆ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಕಾಡಿನ ನಡುವೆ ದಿನಗಟ್ಟಲೆ ನಡೆಯಬೇಕಿತ್ತು. ಈಗ ವಾಹನ ನಿಲ್ಲಿಸಿದ ಕಡೆಯಿಂದ ಸ್ವಲ್ಪ ದೂರ ನಡೆದು, ಮೆಟ್ಟಿಲು ಹತ್ತಿದರೆ ಸಾಕು. ಯಾಣ ಕುಮಟಾ ತಾಲೂಕಿಗೆ ಸೇರಿದ್ದು, ಶಿರಸಿಯಿಂದ ಸುಮಾರು 40 ಕಿಲೋಮೀಟರ್. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರವಿವೆ. ಸುಣ್ಣಕಲ್ಲಿನ ಈ ಕರಿಬಂಡೆಗಳನ್ನು ಯುಗಯುಗಗಳ ಮಳೆನೀರು ಕೊರೆದಿದೆ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಸುಟ್ಟು ಬೂದಿಯಾದ ಸ್ಥಳವಿದೆಂದು ಭಕ್ತರು ನಂಬುತ್ತಾರೆ. ಸುತ್ತಲಿನ ಕಪ್ಪು ಮಣ್ಣನ್ನು ಕಂಡರೆ ಆ ಕಥೆ ಇಲ್ಲೇ ಏಕೆ ನೆಲೆಸಿತೆಂದು ತಿಳಿಯುತ್ತದೆ. ಬಂಡೆಯ ಬುಡದಲ್ಲಿ ಗುಡಿಯಿದೆ. ಪ್ರದಕ್ಷಿಣೆಯ ದಾರಿ ಬಂಡೆಯ ಸೀಳಿನೊಳಗೇ ಹಾದುಹೋಗುತ್ತದೆ, ಅಲ್ಲಿ ಬರಿಗಾಲಲ್ಲಿ ನಡೆಯಬೇಕು. ಬಂಡೆಗಳ ಮೇಲೆ ಹೆಜ್ಜೇನಿನ ಹಲ್ಲೆಗಳು ತೂಗುತ್ತಿರುತ್ತವೆ. ಕೂಗಾಟ, ಹೊಗೆ, ಕಲ್ಲೆಸೆತ ಯಾವುದೂ ಕೂಡದು. ಶಿಖರಗಳನ್ನು ಹತ್ತುವ ಯೋಚನೆಯಂತೂ ಬೇಡವೇ ಬೇಡ.

ಶಾಲ್ಮಲೆಯ ಸಹಸ್ರಲಿಂಗಗಳು ವರ್ಷವಿಡೀ ಕಾಣುತ್ತವೆಯೇ? ಸೋಂದಾದಲ್ಲಿ ಏನಿದೆ?

ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವುದರಿಂದ ಲಿಂಗಗಳು ಮುಳುಗಿರುತ್ತವೆ. ನವೆಂಬರ್ ನಂತರ ಬನ್ನಿ. ಸೋದೆಯ (ಸೋಂದಾಕ್ಕೆ ಸೋದೆ, ಸ್ವಾದಿ ಎಂಬ ಹೆಸರುಗಳೂ ಇವೆ) ಅರಸ ಸದಾಶಿವರಾಯನ ಆಳ್ವಿಕೆಯಲ್ಲಿ (1678–1718) ಹೊಳೆಯ ನಡುವಿನ ಬಂಡೆಗಳಲ್ಲೇ ಇವನ್ನು ಕೆತ್ತಿಸಲಾಯಿತು. ದೊಡ್ಡ ಬಂಡೆಗಳಲ್ಲಿ ಲಿಂಗದ ಜೊತೆಗೆ ನಂದಿಯೂ ಇದೆ. ಮೂರು ಶತಮಾನಗಳ ಪ್ರವಾಹಕ್ಕೆ ಕೆಲವು ಲಿಂಗಗಳ ಅಂಚು ಸವೆದು, ಹತ್ತಿರ ಬಾಗಿ ನೋಡಿದಾಗ ಮಾತ್ರ ಪಾಣಿಪೀಠದ ಗೆರೆ ಕಾಣುತ್ತದೆ. ಅವುಗಳ ಮೇಲೆ ಕಾಲಿಟ್ಟು ದಾಟುವುದು, ಏರಿ ನಿಂತು ಫೋಟೋ ತೆಗೆಸಿಕೊಳ್ಳುವುದು ಭಕ್ತರಿಗೆ ನೋವಾಗುವ ಸಂಗತಿ, ಕಲ್ಲಿಗೂ ಒಳ್ಳೆಯದಲ್ಲ. ಮಹಾಶಿವರಾತ್ರಿಯಂದು ಇಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುತ್ತಾರೆ.

ಅಲ್ಲಿಂದ ಮುಂದಿನ ಸೋಂದಾಕ್ಕೆ ಅರ್ಧ ದಿನ ಮೀಸಲಿಡಿ. ವಾದಿರಾಜರ ವೃಂದಾವನವಿರುವ ಸೋದೆ ಮಠ, ಸ್ವರ್ಣವಲ್ಲಿ ಮಠ, ಸ್ವಾದಿಯ ಜೈನ ಮಠ ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಸಣ್ಣದೊಂದು ಅರಸೊತ್ತಿಗೆಯ ನೆರಳಿನಲ್ಲಿ ಮಾಧ್ವ, ಸ್ಮಾರ್ತ, ಜೈನ ಪರಂಪರೆಗಳು ಒಂದೇ ಕಾಡಿನೊಳಗೆ ಬಾಳಿದ್ದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆಡೆ ಸುಲಭವಾಗಿ ಸಿಗಲಾರದು. ಪಕ್ಷಿಪ್ರಿಯರು ಮಳೆಗಾಲದಲ್ಲಿ ಬರುವುದಾದರೆ ಮುಂಡಿಗೆಕೆರೆಗೆ ಹೋಗಬೇಕು. ಕೆರೆಯೊಳಗಿನ ಮುಂಡಿಗೆ ಪೊದೆಗಳ ಮುಳ್ಳಿನ ರಕ್ಷಣೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ದಡದಲ್ಲಿ ಸದ್ದು ಮಾಡದೆ ಕುಳಿತರೆ ಒಂದೇ ಪೊದೆಯಲ್ಲಿ ಹತ್ತಾರು ಮರಿಗಳು ಬಾಯಿ ತೆರೆದು ಕಾಯುವುದನ್ನು ಕಾಣಬಹುದು.

ಬನವಾಸಿಯಲ್ಲಿ ಗುಡಿಯೊಂದೇ ಇರುವುದೇ?

ಕನ್ನಡಿಗರ ಮೊದಲ ರಾಜವಂಶವಾದ ಕದಂಬರ ರಾಜಧಾನಿಯಾಗಿದ್ದ ಊರು ಇಂದು ಹಂಚಿನ ಮನೆಗಳ ಒಂದು ಶಾಂತ ಹಳ್ಳಿ. ಮಧುಕೇಶ್ವರ ದೇವಾಲಯದಲ್ಲಿ ಒಂದೇ ಕಾಲದ ಕೆಲಸವನ್ನು ಹುಡುಕಬೇಡಿ. ಕದಂಬರ ನಂತರ ಚಾಲುಕ್ಯರಿಂದ ಸೋದೆ ಅರಸರವರೆಗೆ ಪ್ರತಿಯೊಬ್ಬರೂ ಒಂದೊಂದು ಮಂಟಪ, ಕಂಬ, ಶಿಲ್ಪ ಸೇರಿಸುತ್ತ ಹೋದರು. ಸೋದೆಯವರು ಒಪ್ಪಿಸಿದ ಕಲ್ಲಿನ ಮಂಚದ ಸೂಕ್ಷ್ಮ ಕೆತ್ತನೆಯನ್ನು ತಪ್ಪದೆ ನೋಡಿ. ದೊಡ್ಡ ನಂದಿಯು ಒಂದು ಕಣ್ಣಿನಲ್ಲಿ ಶಿವನನ್ನೂ ಇನ್ನೊಂದರಲ್ಲಿ ಪಾರ್ವತಿಯನ್ನೂ ನೋಡುತ್ತದೆಂದು ಊರವರು ತೋರಿಸುತ್ತಾರೆ. ಗುಡಿ ಮುಗಿಸಿದ ಮೇಲೆ ವರದೆಯ ದಡಕ್ಕೂ, ಸಮಯವಿದ್ದರೆ ರವಿವರ್ಮನ ಶಾಸನ ದೊರೆತ ಗುಡ್ನಾಪುರದ ಕೆರೆಗೂ ಹೋಗಿ. ಸರ್ಕಾರ ನಡೆಸುವ ಕದಂಬೋತ್ಸವದ ದಿನಗಳಲ್ಲಿ ಇಲ್ಲಿ ಪಂಪ ಪ್ರಶಸ್ತಿ ಪ್ರದಾನವಾಗುತ್ತದೆ.

ಮಾರಿಕಾಂಬಾ ಜಾತ್ರೆಗೆ ಬರಬೇಕೆಂದಿದ್ದೇವೆ. ಅದು ಪ್ರತಿವರ್ಷ ನಡೆಯುತ್ತದೆಯೇ?

ಇಲ್ಲ, ಎರಡು ವರ್ಷಕ್ಕೊಮ್ಮೆ, ಫೆಬ್ರುವರಿ ಇಲ್ಲವೇ ಮಾರ್ಚ್ ತಿಂಗಳಲ್ಲಿ. 2022, 2024ರಲ್ಲಿ ನಡೆದಂತೆ ಸಮಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ದೇವಿಯನ್ನು ರಥದಲ್ಲಿ ಬಿಡ್ಕಿಬೈಲಿನ ಗದ್ದುಗೆಗೆ ಕರೆತಂದ ಮೇಲೆ ಇಡೀ ಪೇಟೆಯೇ ಜಾತ್ರೆಯಾಗುತ್ತದೆ. ಆ ದಿನಗಳಲ್ಲಿ ಉಳಿಯಲು ಕೋಣೆ ಸಿಗಬೇಕಾದರೆ ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಜಾತ್ರೆ ಮುಗಿದ ಮೇಲೆ ಯುಗಾದಿಯಂದು ಪುನಃಪ್ರತಿಷ್ಠೆಯಾಗುವವರೆಗೆ ದೇವಾಲಯದಲ್ಲಿ ದೇವಿಯ ದರ್ಶನವಿರುವುದಿಲ್ಲ. ಇದನ್ನು ತಿಳಿಯದೆ ದೂರದಿಂದ ಬಂದು ಬಾಗಿಲಲ್ಲೇ ಕೈಮುಗಿದು ಹಿಂದಿರುಗುವವರು ಬಹಳ ಮಂದಿ. ಜಾತ್ರೆಯಿಲ್ಲದ ವರ್ಷದ ಹೋಳಿಯಲ್ಲಿ ಬೇಡರ ವೇಷವಿರುತ್ತದೆ. ಬೆನ್ನಿಗೆ ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದ ಬೇಡ ತಮಟೆಯ ಬಡಿತಕ್ಕೆ ರಾತ್ರಿಯಿಡೀ ಬೀದಿಬೀದಿಯಲ್ಲಿ ಕುಣಿಯುತ್ತಾನೆ.

ಬೇರೆ ದಿನಗಳಲ್ಲಿ ಬಂದವರು ದರ್ಶನ ಮುಗಿಸಿ ಅವಸರದಲ್ಲಿ ಹೊರಡದೆ ದೇವಾಲಯದ ಗೋಡೆಗಳ ಕಾವಿ ಕಲೆಯನ್ನು ಗಮನಿಸಬೇಕು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಹಸಿಯಿರುವಾಗಲೇ ಚೂಪಾದ ಮೊನೆಯಿಂದ ಗೀರಿ ಕೆಂಪನ್ನು ತೆಗೆದಾಗ ಅಡಿಯ ಬಿಳುಪು ಚಿತ್ರವಾಗಿ ಹೊರಬರುತ್ತದೆ. ಬಣ್ಣ ಬಳಿದ ಚಿತ್ರದಂತೆ ಇದನ್ನು ತಿದ್ದಲು ಬರುವುದಿಲ್ಲ. ದಯವಿಟ್ಟು ಗೋಡೆ ಮುಟ್ಟಬೇಡಿ, ಒರಗಬೇಡಿ. ಇಲ್ಲಿ ಕೋಣನ ಬಲಿ ನಿಂತದ್ದು 1930ರ ದಶಕದಲ್ಲಿ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಿದ್ದರು.

ಉಂಬಳಗಳಿಗೆ ಹೆದರಬೇಕೇ?

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಬೇಕಾಗಿಲ್ಲ. ಅದು ಕಚ್ಚಿದರೆ ರೋಗ ಬರುವುದಿಲ್ಲ, ಸ್ವಲ್ಪ ಹೊತ್ತು ರಕ್ತ ಸೋರಿ ಮರುದಿನ ತುರಿಸುತ್ತದೆ. ಕಿತ್ತೆಳೆಯದೆ ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ತಾನಾಗಿ ಬಿಡುತ್ತದೆ. ಹೊರಡುವ ಮುನ್ನ ಕಾಲಿಗೆ ಹೊಗೆಸೊಪ್ಪು ನೆನೆಸಿದ ಎಣ್ಣೆ ಹಚ್ಚಿಕೊಳ್ಳುವುದು ಇಲ್ಲಿನ ರೂಢಿ.

ನಿಜವಾಗಿ ಎಚ್ಚರವಿರಬೇಕಾದದ್ದು ಬೇಸಿಗೆಯ ಉಣುಗುಗಳ ವಿಷಯದಲ್ಲಿ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಸಿದ್ದಾಪುರ ತಾಲೂಕಿನಲ್ಲಿ ಅದು ಜೀವಗಳನ್ನು ಬಲಿ ತೆಗೆದುಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಬೇಕು, ತರಗೆಲೆಯ ಮೇಲೆ ಕೂರಬಾರದು, ಹಿಂದಿರುಗಿದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯಬೇಕು. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಮರಳಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಕಾಡಿನಲ್ಲಿ ಚಾರಣ ಮಾಡಬಹುದೇ, ಟೆಂಟ್ ಹಾಕಬಹುದೇ?

ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮೀಸಲು ಅರಣ್ಯ ಪ್ರವೇಶಿಸುವುದು, ಅಲ್ಲಿ ರಾತ್ರಿ ತಂಗುವುದು, ಬೆಂಕಿ ಹಾಕುವುದು ಅಪರಾಧ. ಅಘನಾಶಿನಿ ಕಣಿವೆಯನ್ನು 2011ರಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಸಿಂಹದಂತೆ ಬಾಲದ ತುದಿಯಲ್ಲಿ ಕುಚ್ಚಿರುವ ಈ ಮಂಗ ಪಶ್ಚಿಮ ಘಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೆಲಕ್ಕಿಳಿಯದೆ ಮರದಿಂದ ಮರಕ್ಕೇ ಓಡಾಡಿಕೊಂಡಿರುವ ಈ ಪ್ರಾಣಿಗೆ ರಸ್ತೆ ಬದಿಯಲ್ಲಿ ಬಾಳೆಹಣ್ಣು ಕೊಟ್ಟು ಚಟ ಹಿಡಿಸಿದರೆ ಅದು ವಾಹನಗಳಿಗೆ ಸಿಕ್ಕಿ ಸಾಯುತ್ತದೆ.

ಈ ಕಾಡು ಇಂದು ಉಳಿದಿರುವುದರ ಹಿಂದೆ ಊರವರ ಹೋರಾಟವಿದೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಜನರು ಕಳಾಸೆ ಕಾಡಿಗೆ ನಡೆದು, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರು ಮುಂಚೂಣಿಯಲ್ಲಿದ್ದ ಆ ಅಪ್ಪಿಕೋ ಚಳವಳಿ ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಮನೆಮನೆಗೆ ಮುಟ್ಟಿಸಿತು. ಇಂಥ ಕಾಡಿನಲ್ಲಿ ಬಾಟಲಿ ಒಡೆದು ಹೋಗುವವರನ್ನು ಕಂಡರೆ ಊರವರು ಕೆರಳುವುದು ಸಹಜ.

ಅಡಿಕೆ ತೋಟ ನೋಡಬಹುದೇ?

ಮನೆಯವರನ್ನು ಕೇಳಿಕೊಂಡು ಖಂಡಿತ ನೋಡಬಹುದು. ತೋಟದ ಮೇಲಿನ ಇಳಿಜಾರಿನಲ್ಲಿ ಬೇಲಿಯಿಲ್ಲದೆ ಕಾಣುವ ಮರಗಾಡು ಕೂಡ ಹೆಚ್ಚಾಗಿ ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟ ಸೊಪ್ಪಿನ ಬೆಟ್ಟವಾಗಿರುತ್ತದೆ. ಅದನ್ನು ಯಾರಿಗೂ ಸೇರದ ಜಾಗವೆಂದು ತಿಳಿಯಬಾರದು. ಚಳಿಗಾಲದಲ್ಲಿ ಕೊನೆಗೌಡ ಒಂದು ಮರ ಹತ್ತಿ, ಗೊನೆ ಕೊಯ್ದು ಹಗ್ಗದಲ್ಲಿ ಜಾರಿಸಿ, ನೆಲಕ್ಕಿಳಿಯದೆ ಪಕ್ಕದ ಮರಕ್ಕೆ ದಾಟುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಬುಡದಲ್ಲಿ ಮಾತ್ರ ನಿಲ್ಲಬೇಡಿ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ದೊರೆತಿದೆ.

ಊಟ, ವಸತಿ ಹೇಗೆ?

ಪೇಟೆಯಲ್ಲಿ ಎಲ್ಲ ಬಗೆಯ ವಸತಿಗೃಹಗಳೂ ಖಾನಾವಳಿಗಳೂ ಇವೆ. ಆದರೆ ಸೀಮೆಯ ರುಚಿ ತಿಳಿಯಬೇಕಾದರೆ ಹಳ್ಳಿಯ ಮನೆಗಳಲ್ಲಿ ನಡೆಯುವ ಹೋಂಸ್ಟೇಗಳಲ್ಲಿ ಉಳಿಯಬೇಕು. ಹೋದ ಕೂಡಲೇ ಆಸರಿಗೆಗೆ ಏನು ಬೇಕೆಂದು ಕೇಳುತ್ತಾರೆ. ಬೆಲ್ಲ ನೀರು, ಮಜ್ಜಿಗೆ, ಕಷಾಯ, ಮುರುಗಲು ಶರಬತ್ತು ಯಾವುದನ್ನಾದರೂ ಸಂಕೋಚವಿಲ್ಲದೆ ಹೇಳಿ. ಊಟದಲ್ಲಿ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ, ಬೆಳಿಗ್ಗೆ ತೆಳ್ಳೇವಿನ (ತೆಳು ದೋಸೆಯ) ಜೊತೆ ಜೋನಿಬೆಲ್ಲ ಇರುತ್ತವೆ. ಎಷ್ಟು ಮಂದಿ, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ತಿಳಿಸಿ. ಪೇಟೆ ದೂರವಿರುವ ಮನೆಗಳಲ್ಲಿ ದಿಢೀರನೆ ಅಡುಗೆ ಹೆಚ್ಚಿಸುವುದು ಕಷ್ಟ. ಹೆಚ್ಚಿನ ಮನೆಗಳಲ್ಲಿ ಮದ್ಯ, ಮಾಂಸಕ್ಕೆ ಅವಕಾಶವಿರುವುದಿಲ್ಲ.

ವಯಸ್ಸಾದವರನ್ನು ಕರೆತರಬಹುದೇ?

ಬನವಾಸಿ, ಸೋಂದಾ, ಮಂಜುಗುಣಿಯ ವೆಂಕಟರಮಣ ದೇವಾಲಯ ಮತ್ತು ಪೇಟೆಯೊಳಗಿನ ಸ್ಥಳಗಳಿಗೆ ತೊಂದರೆಯಿಲ್ಲ. ಮಂಡಿನೋವಿನವರು ಉಂಚಳ್ಳಿಯ ಮೆಟ್ಟಿಲಿಳಿಯುವ ಮುನ್ನ ಹಿಂದಿರುಗಿ ಹತ್ತುವುದನ್ನೂ ಲೆಕ್ಕ ಹಾಕಬೇಕು.

ಮೊಬೈಲ್ ಸಿಗ್ನಲ್, ನಗದು, ಆಸ್ಪತ್ರೆ?

ಪೇಟೆ ಬಿಟ್ಟು ಕಣಿವೆಗಿಳಿದರೆ ಸಿಗ್ನಲ್ ಸಿಗುವ ಭರವಸೆಯಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಕೈಯಲ್ಲಿ ನಗದು ಇರಲಿ, ಶಿರಸಿಯಲ್ಲೇ ಪೆಟ್ರೋಲ್ ತುಂಬಿಸಿ, ಎಲ್ಲಿಗೆ ಹೊರಟಿದ್ದೀರೆಂದು ಉಳಿದುಕೊಂಡ ಮನೆಯವರಿಗೆ ಹೇಳಿ ಹೋಗಿ. ತುರ್ತು ಚಿಕಿತ್ಸೆಗೆ ಶಿರಸಿ ಪೇಟೆಯ ಆಸ್ಪತ್ರೆಗಳಿಗೇ ಬರಬೇಕಾಗುತ್ತದೆ. ಆಂಬುಲೆನ್ಸಿಗೆ 108. ಹಾವು ಕಚ್ಚಿದರೆ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿಸಿಕೊಂಡವರನ್ನು ಓಡಾಡಲು ಬಿಡದೆ ನೇರವಾಗಿ ಆಸ್ಪತ್ರೆಗೆ ಕರೆತನ್ನಿ.

ಊರಿಗೆ ಏನು ಕೊಂಡೊಯ್ಯಬಹುದು?

ಜೋನಿಬೆಲ್ಲ, ಕಾಳುಮೆಣಸು, ಏಲಕ್ಕಿ, ಹಲಸಿನ ಹಪ್ಪಳ, ಜೇನುತುಪ್ಪ ಎಲ್ಲವೂ ಪೇಟೆಯ ಸಹಕಾರಿ ಮಳಿಗೆಗಳಲ್ಲಿ ಸಿಗುತ್ತವೆ. ಅಪ್ಪೆಮಿಡಿ ಉಪ್ಪಿನಕಾಯಿ ಕೊಳ್ಳುವಾಗ ಮಿಡಿಯ ತೊಟ್ಟನ್ನು ನೋಡಿ. ತೊಟ್ಟು ಸಮೇತ ಕೊಯ್ದ ಮಿಡಿ ಹೆಚ್ಚು ಕಾಲ ಗಟ್ಟಿಯಾಗಿ ಉಳಿಯುತ್ತದೆ. ತೊಡದೇವು ಎಂಬ ಸಿಹಿತಿಂಡಿಯನ್ನು ಆಲೆಮನೆಯ ದಿನಗಳಲ್ಲಿ ಮನೆಯಲ್ಲಿ ಮಾಡುವವರಿಂದಲೇ ಕೊಳ್ಳಲು ಪ್ರಯತ್ನಿಸಿ. ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಒಂದೇ ಎಳೆತದಲ್ಲಿ ಬಳಿದು, ಅದು ಕಾಗದದಂತೆ ತೆಳ್ಳಗೆ ಮೇಲೆದ್ದ ಕ್ಷಣದಲ್ಲೇ ಮಡಚಿ ತೆಗೆಯುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ಹೋಗುವವರು ಅದನ್ನು ಚೀಲದ ಮೇಲ್ಭಾಗದಲ್ಲಿಡಬೇಕು, ಸ್ವಲ್ಪ ಒತ್ತು ಬಿದ್ದರೂ ಪುಡಿಯಾಗುತ್ತದೆ.